ಕುಗ್ಗುವ ಗೋಡೆ, ವಿಶಾಲ ಕಿಟಕಿ

ಪರ್ವತದ ಇಳಿಜಾರಿನಲ್ಲಿ ಹೊಸದಾಗಿ ಮರದ ಮನೆಯನ್ನು ಕಟ್ಟಿಸುವವರು ಆ ಸೀಮೆಯ ಪೂರ್ವಿಕರ ಕಟ್ಟಡಗಳಿಂದ ಏನನ್ನು ಸ್ವೀಕರಿಸಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಅತ್ಯಂತ ವಿವೇಕಯುತವೆಂದು ನನಗೆ ತೋರುವುದು, ಸ್ವಿಟ್ಜರ್ಲೆಂಡಿನ ಗ್ರಾವ್‌ಬ್ಯುಂಡನ್ ಪ್ರಾಂತದಲ್ಲಿ, ವಾಲ್ಸ್ ಗ್ರಾಮದ ಮೇಲಣ ಲೈಸ್ ಎಂಬ ಪುಟ್ಟ ಹಳ್ಳಿಯಲ್ಲಿ, ವಾಸ್ತುಶಿಲ್ಪಿ ಪೀಟರ್ ಜುಮ್‌ಥೋರ್ ಅವರು 2009ರಲ್ಲಿ ಪೂರೈಸಿದ ಜೋಡಿ ಮನೆಗಳು. ಅದೇ ವಾಲ್ಸಿನಲ್ಲಿ ಸ್ಥಳೀಯ ಶಿಲೆಯ ಹಲಗೆಗಳನ್ನು ಪದರಪದರವಾಗಿ ಜೋಡಿಸಿ 1996ರಲ್ಲಿ ಸ್ನಾನಗೃಹವನ್ನು ರಚಿಸಿ, ಕಲ್ಲಿನಿಂದ ಲೋಕಪ್ರಸಿದ್ಧಿಯನ್ನು ಪಡೆದ ಇವರು ಮೂಲತಃ ತಂದೆಯ ಬಳಿ ಮರಗೆಲಸವನ್ನು ಕಲಿತವರು. ಮರದ ಮನೆಯಲ್ಲಿ ವಾಸಿಸಬೇಕೆಂಬುದು ಪತ್ನಿ ಅನ್ನಲೀಸಾ ಅವರ ಬಹುಕಾಲದ ಅಭಿಲಾಷೆ.

ಆ ಸೀಮೆಯ ಪ್ರಾಚೀನ ನಿರ್ಮಾಣಕ್ರಮವನ್ನು ತುಸು ಹತ್ತಿರದಿಂದ ನೋಡುವುದು ಅಗತ್ಯ. ಚೌಕವಾಗಿ ಕೊಯ್ದ ತೊಲೆಗಳನ್ನು ಒಂದರ ಮೇಲೊಂದರಂತೆ ಅಡ್ಡಲಾಗಿ ಮಲಗಿಸಿ, ಮೂಲೆಯಲ್ಲಿ ಎರಡು ಗೋಡೆಗಳ ತೊಲೆಗಳಿಗೂ ಕಚ್ಚು ತೆಗೆದು, ಒಂದು ಇನ್ನೊಂದನ್ನು ಬಿಗಿಹಿಡಿಯುವಂತೆ ಹೆಣೆದರೆ ಗೋಡೆ ಸಿದ್ಧವಾಯಿತು. ತೊಲೆಗಳ ತುದಿಗಳು ಮೂಲೆಯಿಂದ ಹೊರಕ್ಕೆ ಚಾಚಿ, ಕೆಲಸದ ಮರ್ಮವನ್ನು ದಾರಿಹೋಕನಿಗೂ ಪ್ರಕಟಿಸುವುವು. ಆದರೆ ಒಣಗುವ ಮರವು ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುವುದು ಅಧಿಕ. ಆದುದರಿಂದ ಮಲಗಿದ ತೊಲೆಗಳ ಗೋಡೆಯು ವರ್ಷಗಳು ಕಳೆದಂತೆ ಮಹಡಿಯೊಂದಕ್ಕೆ ಕೆಲವು ಸೆಂಟಿಮೀಟರುಗಳಷ್ಟು ತಗ್ಗಿದರೂ, ನೆಟ್ಟಗೆ ನಿಂತ ಬಾಗಿಲುವಾಡದ ನಿಲುವುಗಳು ಇದ್ದಷ್ಟೇ ಎತ್ತರ ಉಳಿಯುವುವು. ಇದನ್ನು ಬಲ್ಲ ಬಡಗಿಯು ಬಾಗಿಲುವಾಡದ ನೆತ್ತಿಯ ಮೇಲೆ ಸಂದು ಬಿಟ್ಟು, ಅದನ್ನು ಹಲಗೆಯಿಂದ ಮರೆಮಾಡುವನು. ಇಲ್ಲವಾದರೆ ಗೋಡೆಯ ಭಾರವೆಲ್ಲ ಬಾಗಿಲಿನ ತಲೆಯ ಮೇಲೆಯೇ ಕುಳಿತೀತು. ಕಿಟಕಿಗಾಗಿ ತೆರೆದ ಪ್ರತಿಯೊಂದು ಕಂಡಿಯೂ ಅಖಂಡವಾದ ತೊಲೆಯನ್ನು ತುಂಡರಿಸಿ ಗೋಡೆಯನ್ನು ದುರ್ಬಲಗೊಳಿಸುವುದರಿಂದ, ಅಲ್ಲಿಯ ಹಳೆಯ ಮನೆಗಳ ಕಿಟಕಿಗಳು ಸಣ್ಣವು.

ಇಂದಿನವರಿಗಾದರೋ ಎದುರಿನ ಶಿಖರಶ್ರೇಣಿಯೆಲ್ಲ ಒಳಗೆ ಕುಳಿತೇ ಕಾಣಬೇಕು. ಕಾಂಕ್ರೀಟಿನ ಚೌಕಟ್ಟನ್ನು ನಿಲ್ಲಿಸಿ, ಹೊರಗೆ ಹಲಗೆ ಬಡಿದು, ಸಂಪ್ರದಾಯದ ವೇಷವನ್ನು ತೊಡಿಸುವ ಸುಲಭೋಪಾಯ ಬಹು ಪ್ರಚಲಿತವಾದುದೇ. ಜುಮ್‌ಥೋರ್ ಅದಕ್ಕೆ ಒಲಿಯಲಿಲ್ಲ. ಮೆಟ್ಟಿಲು, ಸ್ನಾನದ ಕೋಣೆ ಮೊದಲಾಗಿ ಮುಚ್ಚಿರಬೇಕಾದವುಗಳನ್ನೆಲ್ಲ ತೊಲೆಗಳ ಹೆಣಿಗೆಯ ಕಿರುಗೋಪುರಗಳನ್ನಾಗಿ ಮಾಡಿ, ಅವುಗಳನ್ನು ದೂರದೂರಕ್ಕೆ ನಿಲ್ಲಿಸಿ, ನಡುವಣ ತೆರಪನ್ನು ಈ ಗೋಪುರದಿಂದ ಆ ಗೋಪುರದವರೆಗೆ ಹಬ್ಬಿದ ವಿಶಾಲವಾದ ಗಾಜಿಗೆ ಬಿಟ್ಟುಕೊಟ್ಟರು. ದೊಡ್ಡ ಕಿಟಕಿಗಳು ದೊರೆತವು, ಆದರೆ ಅವುಗಳಿಗಾಗಿ ಗೋಡೆಯನ್ನು ಕೊರೆಯಬೇಕಾಗಲಿಲ್ಲ. ಗೋಡೆಯಿಲ್ಲದ ಎಡೆಯೇ ಕಿಟಕಿಯಾಯಿತು. ಮೇಲೆ ನೆರೆಮನೆಗಳಿಗಿರುವಂತೆಯೇ ಕಲ್ಲುಹಲಗೆಯ ಮಾಡು. ಹಳೆಯ ಮನೆಯ ಹೊರರೂಪವನ್ನು ಅನುಕರಿಸದೆ, ಆ ರೂಪಕ್ಕೆ ಕಾರಣವಾದ ನಿರ್ಬಂಧವನ್ನೇ ವಿನ್ಯಾಸದ ಬೀಜವನ್ನಾಗಿ ಮಾಡಿಕೊಂಡುದು ಇಲ್ಲಿಯ ಹಿರಿಮೆ.

ಸಮೀಪದ ವ್ರಿನ್ ಗ್ರಾಮದಲ್ಲಿ, ಬಡಗಿಯಾಗಿಯೇ ಕೆಲಸ ಕಲಿತ ಗಿಯೋನ್ ಕಾಮಿನಾಡಾ ಅವರು ಇದೇ ಹೆಣಿಗೆಯಲ್ಲಿ ಮನೆಗಳನ್ನಲ್ಲದೆ ದೂರವಾಣಿಯ ಗೂಡೊಂದನ್ನೂ ಕಟ್ಟಿದರು. 1998ರಲ್ಲಿ ಆ ಗ್ರಾಮಕ್ಕೆ, ಊರಿನ ರೂಪವನ್ನು ಕಾಪಾಡಿ ಬೆಳೆಸಿದುದಕ್ಕಾಗಿ ಸ್ವಿಟ್ಜರ್ಲೆಂಡಿನಲ್ಲಿ ಕೊಡುವ ವಾಕರ್ ಪ್ರಶಸ್ತಿ ಸಂದಿತು.

ಇದನ್ನೋದಿ ನಮ್ಮ ಮಲೆನಾಡಿನಲ್ಲಿ ಅಂಥದೇ ತೊಲೆಗೋಡೆಗಳನ್ನು ಎಬ್ಬಿಸಹೊರಡುವುದು ಅವಿವೇಕವಾದೀತು. ನಮ್ಮ ಹಿರಿಯರು ಮರವನ್ನು ಕಂಬ, ತೊಲೆ, ಜಂತಿ, ಮುಚ್ಚಿಗೆಗಳಿಗೆ ಮೀಸಲಿರಿಸಿ, ಗೋಡೆಯನ್ನು ಮಣ್ಣಿಗೂ ಕೆಂಪುಕಲ್ಲಿಗೂ ಒಪ್ಪಿಸಿ, ಕಂಬದ ಬುಡಕ್ಕೆ ಕಲ್ಲನ್ನು ಕೊಟ್ಟು, ಮಾಡನ್ನು ಹೊರಕ್ಕೆ ಇಳಿಬಿಟ್ಟುದು ಜಡಿಮಳೆಯನ್ನೂ ಗೆದ್ದಲನ್ನೂ ಅರಿತೇ. ಈ ಕ್ರಮದಲ್ಲಿ ತೆರವಿಗೆ ಸಹಜವಾದ ಸ್ಥಾನವು ಜಗಲಿಯ ಕಂಬಗಳ ನಡುವೆ ಇರುವುದಷ್ಟೆ. ವಿಶಾಲವಾದ ನೋಟವನ್ನು ಬಯಸುವವರು ಅಲ್ಲಿಯೇ, ಚಾಚಿದ ಮಾಡಿನ ಮರೆಯಲ್ಲಿ, ಗಾಜನ್ನು ಕೂರಿಸಲಿ. ಲೈಸಿನ ಗೋಪುರಗಳನ್ನು ಆಗುಂಬೆಯ ಮಳೆಯಲ್ಲಿ ನಿಲ್ಲಿಸಿದರೆ ಅದು ಗೆದ್ದಲಿಗೆ ಬಡಿಸಿದ ಮೃಷ್ಟಾನ್ನವಾದೀತೇ ಹೊರತು ಮನೆಯಾಗದು.