ಕಾಮಧೇನುವಿನ ಹೆಂಡಿ ಬಳಿದವರು ಯಾರು?

ಕಾಮಧೇನು ಕಲ್ಪನೆಯ ಆಕಳು. ಕೇಳಿದ್ದನ್ನೆಲ್ಲ ಕೊಡುತ್ತದೆ, ಆದರೆ ಅದರ ಕಥೆಯಲ್ಲಿ ಕಣಿಕಿ ಹಾಕುವವರಿಲ್ಲ, ಹೆಂಡಿ ಬಳಿಯುವವರಿಲ್ಲ. ದುಡಿಯದೆ ಉಂಡವರ ಕನಸು ಇದಕ್ಕಿಂತ ಬ್ಯಾರೆ ಹ್ಯಾಂಗ ಇದ್ದೀತು?

ಮಹಾಭಾರತದ ಆದಿಪರ್ವದಲ್ಲಿ ವಿಶ್ವಾಮಿತ್ರ ನಂದಿನಿ ಎಂಬ ಈ ಆಕಳನ್ನು ವಸಿಷ್ಠನಿಂದ ಕಸಿಯಲು ಬರುತ್ತಾನೆ. ಸಿಟ್ಟಿಗೆದ್ದ ಆಕಳ ಮೈಯಿಂದ ಸೈನ್ಯ ಹುಟ್ಟುತ್ತದೆ: ಬಾಲದಿಂದ ಪಹ್ಲವರು, ಸೆಗಣಿಯಿಂದ ಶಬರರು, ಮೂತ್ರದಿಂದ ಯವನರು. ನಮ್ಮ ಪಂಡಿತ ವಿಮರ್ಶೆ ಇದನ್ನು ಬ್ರಹ್ಮಬಲ-ಕ್ಷಾತ್ರಬಲಗಳ ಸಂಘರ್ಷವೆಂದು ಓದಿ ಪುಸ್ತಕ ಮುಚ್ಚಿತು. ಜಗಳ ಯಾರದು, ಕಾದಲು ಹುಟ್ಟಿದವರು ಯಾರು ಅಂತ ಕೇಳಲಿಲ್ಲ. ಪುರುಷಸೂಕ್ತ ಶೂದ್ರನಿಗೆ ಪಾದವನ್ನಾದರೂ ಕೊಟ್ಟಿತ್ತು. ಅಡವಿಯ ಶಬರನಿಗೆ ಇಲ್ಲಿ ದಕ್ಕಿದ್ದು ಸೆಗಣಿ.

ಹೆಬ್ಬಳ್ಳಿಯಂಥ ಊರಾಗ ಆಕಳು ಮೇಯುತ್ತದೆ, ಹೆಂಡಿ ಹಾಕುತ್ತದೆ, ಸಾಯುತ್ತದೆ. ಸತ್ತದ್ದನ್ನು ಎಳೆದ, ಸುಲಿದ ಕೈಗಳಿಗೆ ಜಾತಿಯಿತ್ತು. ಅಂಬೇಡ್ಕರ್ 1948ರ 'ದಿ ಅನ್‌ಟಚಬಲ್ಸ್' ಕೃತಿಯಲ್ಲಿ ಅಸ್ಪೃಶ್ಯತೆಯ ಮೂಲವನ್ನು ಹುಡುಕುತ್ತ ಈ ಸತ್ತ ಆಕಳ ಮಾಂಸದ ಹತ್ತಿರವೇ ಬಂದು ನಿಂತರು. ಕಾಮಧೇನು ಸಾಯುವುದಿಲ್ಲ. ಅದಕ್ಕೇ ಆ ಲೋಕದಲ್ಲಿ ಈ ಕೈಗಳಿಗೆ ಹೆಸರೂ ಇಲ್ಲ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಗದ್ದಲವೆದ್ದಿತು; ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಮಾತಿನ ಸಿಟ್ಟು ನಮ್ಮದೂ ಹೌದು. ಆದರೆ ಬೂಸಾ ಅಂತ ಎಸೆದರೆ ಕೆಲಸ ಮುಗಿಯಲಿಲ್ಲ. ಶಬರ ಆ ಪಠ್ಯದೊಳಗೇ ಸಿಕ್ಕಿಬಿದ್ದಿದ್ದಾನೆ. ಪುಸ್ತಕ ಎಸೆದರೆ ಅವನನ್ನೂ ಎಸೆದಂತೆ. ದಲಿತ ವಿಮರ್ಶೆ ಆ ಆಕಳ ಹಿಂದೆ ನಿಂತು ಓದಬೇಕು. ಮುಂದೆ ನಿಂತು ಕೈಮುಗಿದವರಿಗೆ ಹೆಂಡಿಬುಟ್ಟಿಯ ಭಾರ ಗೊತ್ತಿಲ್ಲ.