ಸಂಶಯಾತ್ಮ ಯಾರು?

ಎಲ್ಲವನ್ನೂ ಶಂಕಿಸುವವನನ್ನು ಕರೆಯಲು ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಸಂಶಯಾತ್ಮ, ಸಂಶಯಪಿಶಾಚಿ, ಅನುಮಾನದ ಪ್ರಾಣಿ: ಎಲ್ಲವೂ ಬೈಗುಳಗಳೇ. ಆದರೆ ಬೈಸಿಕೊಳ್ಳಬೇಕಾದವನನ್ನೇ ನಾವು ಬೈಯುತ್ತಿದ್ದೇವೆಯೆ?

‘ಅನುಮಾನ’ದ ಗತಿಯನ್ನೇ ನೋಡಿ. ತರ್ಕಶಾಸ್ತ್ರದಲ್ಲಿ ಅದೊಂದು ಪ್ರಮಾಣ. ಹೊಗೆಯನ್ನು ಕಂಡು ಬೆಂಕಿಯುಂಟೆಂದು ನಿಶ್ಚಯಿಸುವ ಬಗೆ. ಕನ್ನಡದ ಬಳಕೆಯಲ್ಲಿ ಅದಕ್ಕೆ ನಿಶ್ಚಯವಿಲ್ಲದಿರುವುದೇ ಅರ್ಥ. ಶೃಂಗೇರಿಯಲ್ಲಿ ತರ್ಕ ಓದಿದ ವಿದ್ಯಾರ್ಥಿ ಪೇಟೆಗಿಳಿದರೆ ‘ಅನುಮಾನ ಬೇಡ ಸ್ವಾಮಿ’ ಎಂಬ ಮಾತನ್ನೇ ಕೇಳಬೇಕು!

‘ಸಂಶಯಾತ್ಮ’ ಗೀತೆಯ ನಾಲ್ಕನೆಯ ಅಧ್ಯಾಯದ 40ನೆಯ ಶ್ಲೋಕದ ಮಾತು. ಅಜ್ಞ, ಶ್ರದ್ಧೆಯಿಲ್ಲದವನು, ಸಂಶಯಾತ್ಮ, ಈ ಮೂವರಲ್ಲಿ ಕೊನೆಯವನೇ ಹೆಚ್ಚಿನ ಪಾಪಿಯೆಂದು ಶಂಕರರ ಭಾಷ್ಯ. ಆದರೆ ಅದೇ ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಸಂಶಯವನ್ನು ತಾವೇ ಎತ್ತಿ, ಪೂರ್ವಪಕ್ಷಕ್ಕೆ ಬಾಯಿ ಕೊಟ್ಟು, ಅನಂತರವೇ ಸಿದ್ಧಾಂತಕ್ಕೆ ಬರುತ್ತಾರೆ. ನ್ಯಾಯಸೂತ್ರವಂತೂ ತನ್ನ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನ ಕೊಟ್ಟಿದೆ. ಅಂದಮೇಲೆ ಬೈದದ್ದು ಸಂಶಯಪಟ್ಟವನನ್ನಲ್ಲ, ಸಂಶಯದಲ್ಲೇ ಮನೆ ಕಟ್ಟಿಕೊಂಡವನನ್ನು.

ಈ ಭೇದ ಮೇಗುಂದದ ಅಡಿಕೆ ತೋಟದವರಿಗೆ ಹೊಸದಲ್ಲ. ಕೊಳೆರೋಗ ತಡೆಯಲು ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿದಾಗ, ಉಜ್ಜಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡುವುದುಂಟು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು; ಹತ್ತದಿದ್ದರೆ ಔಷಧಿ ಹೊಡೆಯಬಹುದು. ಹೀಗೆ ಅದ್ದಿ ನೋಡಿದವನು ಸಂಶಯಾತ್ಮನಲ್ಲ. ಅಲಗು ಕೆಂಪಾಗದೆ ಬಂದ ಮೇಲೂ ಅದ್ದುತ್ತಲೇ ಕುಳಿತು, ಮಳೆ ಹಿಡಿಯುವ ತನಕ ಔಷಧಿ ಹೊಡೆಸದವನು ಸಂಶಯಾತ್ಮ. ಅವನು ಕೆಡಲು ಯಾರ ಶಾಪವೂ ಬೇಡ, ಕೊಳೆ ಸಾಕು.

ಇಂದು ನಾವು ಈ ಇಬ್ಬರಿಗೂ ಒಂದೇ ಹೆಸರಿಟ್ಟಿದ್ದೇವೆ. ತೂಕ ನೋಡಬೇಕೆಂದ ಬೆಳೆಗಾರ, ಲೆಕ್ಕ ಕೇಳಿದ ಸಂಘದ ಸದಸ್ಯ, ಪಾಠದ ನಡುವೆ ‘ಏಕೆ?’ ಎಂದ ಹುಡುಗಿ, ಎಲ್ಲರೂ ಅನುಮಾನದ ಪ್ರಾಣಿಗಳೇ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ನೇಮಿಸಿದಾಗ ಕೇಳಿದ್ದೂ ಚಾಕು ಅದ್ದಿ ನೋಡುವ ಅವಕಾಶವನ್ನಷ್ಟೆ. ಕೇಳುವವನ ಬಾಯಿ ಮುಚ್ಚಿಸಲು ಈ ಶಬ್ದ ಒದಗುತ್ತಿರುವುದರಿಂದ ಲಾಭ ತೂಕ ತಪ್ಪಿಸಿದವನಿಗೇ ಹೊರತು ಭಾಷೆಗಲ್ಲ.

ಪರೀಕ್ಷಿಸುವವನಿಗೆ ‘ಜಿಜ್ಞಾಸು’ ಎಂಬ ಒಳ್ಳೆಯ ಮಾತು ಉಂಟು. ‘ಸಂಶಯಾತ್ಮ’ ಉತ್ತರ ಸಿಕ್ಕಿದರೂ ಒಲ್ಲೆನೆನ್ನುವವನಿಗೆ ಮೀಸಲಾಗಿರಲಿ. ಯಾರನ್ನಾದರೂ ಹಾಗೆ ಕರೆಯುವ ಮೊದಲು, ನಾವು ಅವನಿಗೆ ಉತ್ತರ ಕೊಟ್ಟಿದ್ದೇವೆಯೆ ಎಂದು ಕೇಳಿಕೊಳ್ಳುವುದು ಲೇಸು.