ಆಳು-ತಿಂಗಳ ಲೆಕ್ಕ

ಫ್ರೆಡ್ ಬ್ರೂಕ್ಸ್ ಅವರ ‘ದಿ ಮಿಥಿಕಲ್ ಮ್ಯಾನ್-ಮಂತ್’ 1975ರಲ್ಲಿ ಪ್ರಕಟವಾದ ಪ್ರಬಂಧ ಸಂಕಲನ. ಐಬಿಎಂನ ಸಿಸ್ಟಮ್/360 ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸದ ಮುಂದಾಳಾಗಿದ್ದ ಬ್ರೂಕ್ಸ್, ಅದು ಏಕೆ ತಡವಾಯಿತು, ಖರ್ಚು ಅಂದಾಜಿನ ಹಲವು ಪಟ್ಟು ಏಕಾಯಿತು ಎಂದು ಇಲ್ಲಿ ಶೋಧಿಸುತ್ತಾರೆ. 1963ರಿಂದ 1966ರವರೆಗೆ ಅದಕ್ಕೆ ಸುಮಾರು 5,000 ಆಳು-ವರ್ಷಗಳ ದುಡಿಮೆ ಹಿಡಿಯಿತೆಂಬುದು ಅವರದೇ ಲೆಕ್ಕ.

ಆಳು ಹೆಚ್ಚಿದಷ್ಟೂ ತಿಂಗಳು ಕಡಿಮೆಯಾಗುತ್ತದೆ ಎಂಬ ನಂಬಿಕೆಯನ್ನು ಪುಸ್ತಕ ಒಡೆಯುತ್ತದೆ. ಗದ್ದೆಯ ಕೊಯ್ಲಿಗೆ ಹತ್ತರ ಬದಲು ಇಪ್ಪತ್ತು ಆಳು ಬಂದರೆ ಕೆಲಸ ಅರ್ಧ ಹೊತ್ತಿಗೆ ಮುಗಿದೀತು. ಪ್ರೋಗ್ರಾಂ ಬರೆಯುವವರು ಹಾಗಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರದಕ್ಕೆ ಹೊಂದಬೇಕು, ಅದಕ್ಕೆ ಪರಸ್ಪರ ಮಾತುಕತೆ ಬೇಕು. ಐದು ಜನರಲ್ಲಿ ಇಂಥ 10 ಜೋಡಿಗಳಾದರೆ ಐವತ್ತು ಜನರಲ್ಲಿ 1,225. ಹೊಸಬರಿಗೆ ಕಲಿಸುವ ಹೊರೆಯೂ ಹಳಬರದೇ. ಹೀಗಾಗಿ ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ‘ಬ್ರೂಕ್ಸ್ ನಿಯಮ’ವೆಂದು ಹೆಸರಾದ ಈ ಮಾತು ವಿಪರೀತ ಸರಳೀಕರಣವೆಂದು ಹೇಳಿದವರೂ ಅವರೇ, ಉಲ್ಲೇಖಿಸುವವರಿಗೆ ಮಾತ್ರ ಅದು ನೆನಪಿರುವುದಿಲ್ಲ. ಕೋಡ್ ಬರೆಯಲು ಒಟ್ಟು ಸಮಯದ ಆರನೇ ಒಂದು ಭಾಗ ಸಾಕು, ಅರ್ಧದಷ್ಟು ಸಮಯ ಪರೀಕ್ಷೆಗೇ ಇರಲಿ ಎಂಬ ಅವರ ಹಂಚಿಕೆ ಇಂದಿಗೂ ಉಪಯುಕ್ತ.

ವಿನ್ಯಾಸದ ವಿಚಾರಕ್ಕೆ ಬಂದಾಗ ಪುಸ್ತಕ ಅಷ್ಟು ಗಟ್ಟಿಯಾಗಿಲ್ಲ. ವ್ಯವಸ್ಥೆಯಲ್ಲಿ ಏಕಸೂತ್ರತೆ ಬೇಕಾದರೆ ಕೆಲವೇ ಜನ ಯೋಚಿಸಬೇಕು, ಉಳಿದವರು ಅದನ್ನು ಜಾರಿಗೆ ತರಬೇಕು ಎಂಬ ವಾದದಲ್ಲಿ ಸತ್ಯಾಂಶವಿದೆ, ಮೇಲು-ಕೀಳಿನ ವಾಸನೆಯೂ ಇದೆ. ಪ್ರತಿಯೊಂದು ಭಾಗದ ಒಳವಿವರ ಎಲ್ಲರಿಗೂ ತಿಳಿದಿರಬೇಕೆಂದು ಮೊದಲು ವಾದಿಸಿದ್ದ ಬ್ರೂಕ್ಸ್, ಒಳವಿವರವನ್ನು ಮರೆಯಲ್ಲಿಡಬೇಕೆಂಬ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ ಅವರ ನಿಲುವೇ ಸರಿಯೆಂದು 1995ರ ಆವೃತ್ತಿಯಲ್ಲಿ ಒಪ್ಪಿಕೊಂಡರು. ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಪುಸ್ತಕದ ದೊಡ್ಡ ಮಿತಿ ಅದರ ದೃಷ್ಟಿಕೋನದ್ದು. ಇಲ್ಲಿ ನೋಡುವ ಕಣ್ಣು ಮ್ಯಾನೇಜರನದು. ದುಡಿಯುವವರ ದಣಿವು, ಸಂಬಳ, ಮನೆವಾರ್ತೆಗೆ ಹೆಚ್ಚು ಜಾಗವಿಲ್ಲ. ತಪ್ಪು ಅಂದಾಜಿನ ಮೂಲವನ್ನು ಬ್ರೂಕ್ಸ್ ಬಹುಮಟ್ಟಿಗೆ ಪ್ರೋಗ್ರಾಮರುಗಳ ಅತಿಯಾದ ಆಶಾವಾದದಲ್ಲಿ, ಗಿರಾಕಿಗೆ ಇಲ್ಲವೆನ್ನಲಾಗದ ಮ್ಯಾನೇಜರುಗಳ ಅಳುಕಿನಲ್ಲಿ ಕಾಣುತ್ತಾರೆ. ಬೆಂಗಳೂರಿನ ಐಟಿ ಸೇವಾ ಉದ್ಯಮವನ್ನು ನೋಡಿದರೆ ಈ ವಿವರಣೆ ಸಾಲದು. ಅಲ್ಲಿ ಬಹುಕಾಲ ಗಿರಾಕಿಗೆ ಬಿಲ್ ಹೋದದ್ದು ಎಷ್ಟು ಜನ, ಎಷ್ಟು ಗಂಟೆ ದುಡಿದರು ಎಂಬ ಲೆಕ್ಕದಲ್ಲೇ. ತಂಡಕ್ಕೆ ಇನ್ನೂ ನಾಲ್ವರು ಸೇರಿದರೆ ಕೆಲಸ ತಡವಾದೀತು, ಆದರೆ ಬಿಲ್ ಬೆಳೆಯುತ್ತದೆ; ಪ್ರಾಜೆಕ್ಟ್ ಸಿಗದೆ ಬೆಂಚಿನಲ್ಲಿ ಕೂತವರಿಗೂ ಒಂದು ಜಾಗ ಸಿಗುತ್ತದೆ. ಬ್ರೂಕ್ಸ್ ತಪ್ಪೆಂದು ತೋರಿಸಿದ ಅಳತೆಯೇ ಇಲ್ಲಿ ಆದಾಯದ ಮಾರ್ಗ. ನಿಗದಿತ ಬೆಲೆಯ ಒಪ್ಪಂದಗಳಲ್ಲಿ ತಡದ ನಷ್ಟ ಕಂಪನಿಯ ತಲೆಗೆ ಬರುತ್ತದೆ ನಿಜ, ಆದರೆ ಆ ಬೆಲೆ ಕಟ್ಟುವಾಗಲೂ ಮೊದಲು ಎಣಿಸುವುದು ಆಳುಗಳನ್ನೇ.